ಹಂದರ ಎಲ್ಲಿ ಹಾಕೋದು?

ತಂಗಿಯ ಮದುವೆ ನಿಶ್ಚಯವಾದ ರಾತ್ರಿಯೇ ನಾನು ಒಂದು ಎಕ್ಸೆಲ್ ಶೀಟ್ ತೆರೆದೆ. ನಮ್ಮಂಥವರ ಚಾಳಿ ಅದು. ಏನೇ ಸುದ್ದಿ ಬರಲಿ, ಮೊದಲು ಕಾಲಂ ಹಾಕ್ತೀವಿ, ಆಮೇಲೆ ಖುಷಿಪಡ್ತೀವಿ. ಎಷ್ಟು ಜನ ಹಿಡಿಸುತ್ತೆ, ಎಸಿ ಇದೆಯಾ, ರೂಮು ಎಷ್ಟು, ಪಾರ್ಕಿಂಗ್, ಜನರೇಟರ್, ಡ್ರೋನ್ ಹಾರಿಸೋಕೆ ಬಿಡ್ತಾರಾ. ಒಟ್ಟು ಹನ್ನೊಂದು ಕಾಲಂ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಹಾಕಿದ್ದು. ಮದುವೆ ನಡೀಬೇಕಾಗಿದ್ದು ಮಾತ್ರ ಮೇ ತಿಂಗಳ ಕೊಪ್ಪಳ ಜಿಲ್ಲೆಯಲ್ಲಿ.

ನಮ್ಮದು ಯಲಬುರ್ಗಾ ತಾಲೂಕಿನ ಹಳ್ಳಿ, ಹುಡುಗನ ಕಡೆಯವರು ಕುಷ್ಟಗಿಯವರು, ಮದುವೆ ನಾವೇ ಮಾಡಿಕೊಡೋದು ಅಂತ ಮಾತಾಗಿತ್ತು. ಅಪ್ಪನಿಗೆ ಫೋನ್ ಮಾಡಿ ಶೀಟಿನ ವಿಷಯ ಹೇಳಿದರೆ, "ಮನಿ ಮುಂದ ಹಂದರ ಹಾಕಿದ್ರ ಮುಗೀತಲ್ಲವಾ, ಅದಕ್ಯಾಕ ಇಷ್ಟ್ ತಲಿ ಕೆಡಿಸ್ಕೊಂತೀರಿ" ಅಂದರು. ತಂಗಿ ಸ್ಪೀಕರಿನಲ್ಲೇ ಕಣ್ಣು ಮೇಲೆ ಮಾಡಿದಳು. ಸರಿ, ಶುಕ್ರವಾರ ರಾತ್ರಿ ರೈಲು ಹತ್ತಿ, ಶನಿವಾರ ಬೆಳಿಗ್ಗೆ ಕೊಪ್ಪಳದಲ್ಲಿಳಿದು, ಕಾಕಾನ ಕಾರಿನಲ್ಲಿ ಜಾಗ ನೋಡೋಕೆ ಹೊರಟೆವು.

ಮೊದಲು ಗಂಗಾವತಿ ಕಡೆ. ತಂಗಿಯ ಮನಸ್ಸಿನಲ್ಲಿದ್ದದ್ದು ಸಾಣಾಪುರ, ಆನೆಗೊಂದಿ ಸುತ್ತಿನ ರೆಸಾರ್ಟ್ ಮದುವೆ. ತಪ್ಪೇನಿಲ್ಲ ಬಿಡಿ. ಭತ್ತದ ಗದ್ದೆಯ ಹಸಿರು, ಅದರ ಹಿಂದೆ ಯಾರೋ ಆಟಕ್ಕೆ ಒಂದರ ಮೇಲೊಂದು ಇಟ್ಟು ಮರೆತುಹೋದಂಥ ಬಂಡೆಗಳು, ಆಚೆಗೆ ತುಂಗಭದ್ರೆ. ಮೊಬೈಲ್ ಎತ್ತಿ ಎಲ್ಲಿಗೆ ಹಿಡಿದರೂ ಫ್ರೇಮು ಚಂದವೇ ಬರುತ್ತೆ. ನಾವು ನೋಡಿದ ರೆಸಾರ್ಟಿನಲ್ಲಿ ಬಂಡೆಗಳ ನಡುವಿನ ಹುಲ್ಲುಹಾಸಿನ ಮೇಲೆ ಮಂಟಪ ಹಾಕಿಕೊಡ್ತಾರೆ, ನೂರೈವತ್ತು ಜನಕ್ಕೆ. ನೂರೈವತ್ತು ಅಂದಾಗ ಕಾಕಾ ನಕ್ಕುಬಿಟ್ಟರು. ನಮ್ಮ ಅಣ್ಣತಮ್ಮಂದಿರ ಮನೆಗಳನ್ನ ಎಣಿಸಿದರೇ ಅಷ್ಟು ದಾಟುತ್ತೆ.

ಅಲ್ಲಿ ನೋಡಿಕೊಳ್ಳೋ ಹುಡುಗ ಬಹಳ ಮರ್ಯಾದೆಯಿಂದಲೇ, "ಮೇಡಂ, ಊರ ಜನಕ್ಕೆ ಆಮೇಲೆ ಊರಲ್ಲೇ ಒಂದು ಊಟ ಹಾಕ್ಸಿಬಿಡಿ, ಎಲ್ಲರೂ ಈಗ ಹಂಗೇ ಮಾಡ್ತಾರೆ. ಇಲ್ಲಿ ಕ್ರೌಡ್ ನೀಟಾಗಿರುತ್ತೆ" ಅಂದ. ಕಾಕಾ ಆ ಹೊತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಹುಲ್ಲುಹಾಸಿನ ಅಂಚಿನಲ್ಲಿ ನಿಂತಿದ್ದರು, ಮೇಲೆ ಕಾಲಿಡಬಹುದೋ ಬಾರದೋ ಗೊತ್ತಾಗದೆ.

ಇಷ್ಟಕ್ಕೂ ಆ ಜಾಗದ್ದೇ ಒಂದು ಕಥೆ ಇದೆ. ಆನೆಗೊಂದಿಯ ಸುತ್ತಲಿನ ಹಳ್ಳಿಗಳು ಹಂಪಿಯ ಪರಂಪರೆ ಪ್ರದೇಶದೊಳಗೇ ಬರ್ತವೆ, ಹಂಪಿ ಯುನೆಸ್ಕೊ ಪಟ್ಟಿ ಸೇರಿದ್ದು 1986ರಲ್ಲಿ. ಅದೇ ಗಂಗಾವತಿ ತಾಲೂಕಿನ ವಿರೂಪಾಪುರ ಗಡ್ಡೆಯಲ್ಲಿ ಸಾಲು ಸಾಲು ರೆಸಾರ್ಟುಗಳಿದ್ದವಲ್ಲ, ನಮ್ಮ ಕಾಲೇಜು ದಿನಗಳಲ್ಲಿ ಅಲ್ಲಿಗೆ ಹೋಗದಿದ್ದವನು ಮನುಷ್ಯನೇ ಅಲ್ಲ ಅನ್ನೋ ಹಾಗಿತ್ತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಅವು ಅಕ್ರಮ ಅಂತ ಹೇಳಿತು, ಮಾರ್ಚಿನಲ್ಲಿ ಜೆಸಿಬಿ ಬಂದು ಕೆಡವಿದವು. ಹಾಗಾಗಿ ಈ ಕಡೆ ಯಾರಾದ್ರೂ ಮುಂಗಡ ಕೇಳಿದರೆ, ಮೆನು ಕಾರ್ಡಿಗಿಂತ ಮೊದಲು ಕಟ್ಟಡದ ಪರವಾನಗಿ ತೋರ್ಸಿ ಅನ್ನಿ. ನಾನು ಕೇಳಿದೆ. ಹುಡುಗ, "ಓನರ್ ಹತ್ರ ಇದೆ ಮೇಡಂ" ಅಂದ. ಓನರ್ ಹೈದರಾಬಾದಿನಲ್ಲಿದ್ದರು.

ಕಾಗದ ಪತ್ರ ಪಕ್ಕಕ್ಕಿಡೋಣ, ಜಾಗದ ಮಟ್ಟಿಗೇ ಹೇಳೋದಾದ್ರೆ, ಅದು ಡಿಸೆಂಬರಿನ ಸಂಜೆಗೆ ಮಾಡಿದ ಜಾಗ. ನಮ್ಮ ಕಡೆ ಅಕ್ಕಿಕಾಳು ಬೀಳೋದು ಮಧ್ಯಾಹ್ನ ಹನ್ನೆರಡೂವರೆ ಆಸುಪಾಸು, ಅದೂ ನಲವತ್ತು ಡಿಗ್ರಿಯ ಮೇ ತಿಂಗಳಲ್ಲಿ. ಬಂಡೆಗಲ್ಲು ಹಗಲಿಡೀ ಬಿಸಿಲು ಕುಡಿದು ರಾತ್ರಿ ಊಟದ ಹೊತ್ತಿನವರೆಗೂ ಕಾರುತ್ತೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಲೇಬೇಕು, ಅದು ಇಡೀ ದೇಶಕ್ಕಿರೋ ನಿಯಮ. ಅಲ್ಲಿಗೆ ತಣ್ಣಗಾಗೋ ಹೊತ್ತಿಗೆ ಹಾಡು ಬಂದ್. ಇನ್ನು ನಮ್ಮ ಆಯಿ. ಎಂಬತ್ತು ದಾಟಿದೆ, ಎರಡೂ ಮೊಣಕಾಲು ಹೋಗಿವೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಅಂತ ನಮ್ಮಲ್ಲಿ ಗಾದೆ ಇದೆ. ಮೊಣಕಾಲು ಹೋದವರು ಎಲ್ಲಿಗೆ ಹೋಗಬೇಕು ಅಂತ ಗಾದೆ ಹೇಳಿಲ್ಲ.

ಮಧ್ಯಾಹ್ನ ಕೊಪ್ಪಳಕ್ಕೆ ವಾಪಸ್ ಬಂದು, ಊಟ ಮಾಡಿ, ಹೆದ್ದಾರಿ ಪಕ್ಕದ ಎರಡು ಹೊಸ ಕಲ್ಯಾಣ ಮಂಟಪ ನೋಡಿದೆವು. ಈಗ ಅವುಗಳ ಹೆಸರಲ್ಲಿ ಕಲ್ಯಾಣವೂ ಇಲ್ಲ ಮಂಟಪವೂ ಇಲ್ಲ, 'ಕನ್ವೆನ್ಷನ್ ಹಾಲ್' ಅಂತಾರೆ. ನನ್ನ ಹನ್ನೊಂದು ಕಾಲಮ್ಮಿಗೂ ಟಿಕ್ ಬಿತ್ತು. ಆದರೂ ಹೊರಗೆ ಬಂದಾಗ ಏನೋ ಸರಿಯಿಲ್ಲ ಅನ್ನಿಸ್ತಿತ್ತು. ಅದೇನು ಅಂತ ಹಿಡಿಯೋಕೆ ನಂಗೆ ಸ್ವಲ್ಪ ಹೊತ್ತು ಬೇಕಾಯ್ತು.

ಈ ಹಾಲುಗಳನ್ನ ಒಮ್ಮೆ ಸರಿಯಾಗಿ ನೋಡಿ. ವೇದಿಕೆ ಎದೆಯೆತ್ತರ. ಅದರ ಮೇಲೆ ರಾಜದರ್ಬಾರಿನ ಸೋಫಾ. ವೇದಿಕೆಯ ಮುಂದೆ ಫೋಟೋ ವಿಡಿಯೋದವರು ಗೋಡೆ ಕಟ್ಟಿ ನಿಲ್ತಾರೆ, ಅವರ ಬೆನ್ನ ಹಿಂದೆ ಮೊದಲ ಸಾಲಿನ ಗಣ್ಯರು. ಉಳಿದವರು ಮದುವೆ ನೋಡೋದು ಎಲ್ಇಡಿ ಪರದೆಯಲ್ಲಿ. ಐವತ್ತು ಕಿಲೋಮೀಟರ್ ದೂರದಿಂದ ಬಂದು ಟಿವಿ ನೋಡಿದ ಹಾಗೆ. ಕೈಯಲ್ಲಿರೋ ಅಕ್ಕಿಕಾಳನ್ನ ಹುಡುಗ ಹುಡುಗಿ ಮೇಲೆ ಹಾಕೋದಿರಲಿ, ಅವರಿರೋ ದಿಕ್ಕಿಗೆ ಎಸೆದರೂ ಅದು ಮುಂದಿನವರ ತಲೆ ಮೇಲೆ ಬೀಳುತ್ತೆ. ಆಮೇಲೆ ಸರತಿ ಸಾಲು. ಮೆಟ್ಟಿಲು ಹತ್ತಿ, ಉಡುಗೊರೆ ಕೊಟ್ಟು, ಕ್ಯಾಮೆರಾ ನೋಡಿ, ಆ ಕಡೆಯ ಮೆಟ್ಟಿಲಿಳಿದರೆ ಮುಗೀತು. ಬ್ಯಾಂಕಿನ ಕೌಂಟರಿನಲ್ಲೂ ಇದಕ್ಕಿಂತ ಒಂದು ಮಾತು ಹೆಚ್ಚು ಆಡ್ತಾರೆ.

ಊಟದ ಹಾಲ್ ನೆಲಮಾಳಿಗೆಯಲ್ಲಿ. ಇಪ್ಪತ್ತೆರಡು ಮೆಟ್ಟಿಲು, ಎಣಿಸಿದೆ. ಲಿಫ್ಟ್ ಇದೆ, ಅದು 'ಕೇಟರಿಂಗಿನವರಿಗೆ ಮಾತ್ರ'. ಮೇಲೆ ಸಾವಿರದ ಇನ್ನೂರು ಕುರ್ಚಿ, ಕೆಳಗೆ ಮುನ್ನೂರು. ಈ ಲೆಕ್ಕದ ಅರ್ಥ ಮದುವೆಗೆ ಹೋದ ಎಲ್ಲರಿಗೂ ಗೊತ್ತು. ನೀವು ಉಣ್ತಿರ್ತೀರಿ, ನಿಮ್ಮ ಕುರ್ಚಿಯ ಹಿಂದೆ ಇನ್ನೊಬ್ಬರು ಕೈಕಟ್ಟಿ ನಿಂತು ನಿಮ್ಮ ಎಲೆಯಲ್ಲಿ ಹುಗ್ಗಿ ಎಷ್ಟು ಉಳಿದಿದೆ ಅಂತ ನೋಡ್ತಿರ್ತಾರೆ. ಲಕ್ಷಗಟ್ಟಲೆ ಬಾಡಿಗೆ ಕೊಟ್ಟು ನಾವು ಕೊಳ್ಳೋದು ಈ ಅವಮಾನವನ್ನೂ ಸೇರಿಸಿ.

ಅದೇ ಕೊಪ್ಪಳದಲ್ಲಿ ಗವಿಮಠದ ಜಾತ್ರೆ ನಡೆಯುತ್ತಲ್ಲ, ಜನವರಿ ಆಸುಪಾಸು. ಬರೋರ ಲೆಕ್ಕ ಲಕ್ಷಗಳಲ್ಲಿ. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರುಗಳಲ್ಲಿ ಜೋಳದ ರೊಟ್ಟಿ ಬರ್ತವೆ, ಉಣ್ಣೋರೇ ರೊಟ್ಟಿ ಬಡಿದು ಕಳಿಸಿರ್ತಾರೆ. ಅಲ್ಲಿ ಯಾರ ಬೆನ್ನ ಹಿಂದೆಯೂ ಯಾರೂ ನಿಲ್ಲಲ್ಲ, ಯಾಕಂದ್ರೆ ಆ ಬಯಲನ್ನ ಊಟಕ್ಕೆ ಅಂತಲೇ ಬಿಟ್ಟಿದ್ದಾರೆ. ನಮ್ಮ ಹಾಲುಗಳಲ್ಲಿ ಜಾಗವೆಲ್ಲ ವೇದಿಕೆಗೆ, ಉಳಿದದ್ದು ಊಟಕ್ಕೆ. ಮದುವೆಯನ್ನೂ ಜಾತ್ರೆ ಥರ ಮಾಡಿ ಅಂತ ಹೇಳ್ತಿಲ್ಲ. ಹಾಲಿನ ನಕ್ಷೆ ಬರೆಯೋರು ಒಂದು ಸಲ ಅಲ್ಲಿ ಹೋಗಿ ಕೂತು ಉಂಡು ಬರಲಿ ಅಂತಷ್ಟೇ.

ಭಾನುವಾರ ಬೆಳಿಗ್ಗೆ ಊರ ಕಡೆ ಹೊರಟವರು ಇಟಗಿಗೆ ಹೋದೆವು. ಬನ್ನಿಕೊಪ್ಪದ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಮೊನ್ನೆಮೊನ್ನೆವರೆಗೆ ಯಲಬುರ್ಗಾ ತಾಲೂಕು, ಈಗ ಕುಕನೂರು ತಾಲೂಕು. ತಂಗಿಗೆ ಪ್ರಿ-ವೆಡ್ಡಿಂಗ್ ಶೂಟಿಗೆ ಜಾಗ ನೋಡಬೇಕಿತ್ತು. ಮದುವೆಯನ್ನೇ ಇಲ್ಲಿ ಮಾಡಿದ್ರೆ ಹೆಂಗೆ ಅಂತ ಅರ್ಧ ತಮಾಷೆಗೆ ಕೇಳಿದಳು. ಮಾಡೋಕಾಗಲ್ಲ. ಕೇಂದ್ರದ ಸಂರಕ್ಷಿತ ಸ್ಮಾರಕ ಅದು. 1959ರ ನಿಯಮದ ಪ್ರಕಾರ ಸ್ಮಾರಕದೊಳಗೆ ಸಭೆ, ಸತ್ಕಾರ, ಪಾರ್ಟಿ ಏನು ಮಾಡಬೇಕಾದ್ರೂ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು. ಮೊದಲಿನಿಂದ ನಡೆದುಬಂದ ಧಾರ್ಮಿಕ ಆಚರಣೆ ಇದ್ದರೆ ಅದಕ್ಕಷ್ಟೇ ವಿನಾಯಿತಿ. ಇದು ಒಳ್ಳೆಯ ನಿಯಮ ಅಂತಲೇ ನನ್ನ ಅಭಿಪ್ರಾಯ. ನಮ್ಮ ಮದುವೆಯ ಮಾರನೆಯ ದಿನದ ಬೆಳಗು ಹೇಗಿರುತ್ತೆ ಅಂತ ನೋಡಿದವರು ಯಾರೂ ಒಂಬೈನೂರು ವರ್ಷದ ಗುಡಿಯನ್ನ ನಮ್ಮ ಕೈಗೆ ಕೊಡಲ್ಲ.

ಆದರೂ ಆ ಗುಡಿಯ ಮುಂದಿನ ತೆರೆದ ಮಂಟಪದಲ್ಲಿ ಅರ್ಧ ಗಂಟೆ ಕೂತಾಗ, ಹಿಂದಿನ ದಿನ ಹಾಲಿನಲ್ಲಿ ಏನು ಸರಿಯಿರಲಿಲ್ಲ ಅನ್ನೋದು ತಿಳೀತು. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು ಈ ಗುಡಿ. ಶಾಸನದಲ್ಲಿ ಇದಕ್ಕೆ 'ದೇವಾಲಯ ಚಕ್ರವರ್ತಿ' ಅಂತ ಹೆಸರು. ಎಲ್ಲರೂ ಕಂಬದ ಕೆತ್ತನೆಗೆ ಬಾಯಿಬಿಡ್ತಾರೆ, ಬಿಡಬೇಕಾದ್ದೇ. ನಾನು ನೋಡ್ತಾ ಇದ್ದದ್ದು ಬೇರೆ. ಆ ಮಂಟಪದಲ್ಲಿ ಮೊದಲ ಸಾಲು ಅನ್ನೋದೇ ಇಲ್ಲ. ಯಾವ ಕಡೆ ಕೂತರೂ ನಡುವಿನದು ಹತ್ತಿರವೇ, ಆ ಕಡೆ ಕೂತವರ ಮುಖವೂ ಕಾಣುತ್ತೆ. ಅಂಚಿನ ಕಲ್ಲುಗೋಡೆ ಗಿಡ್ಡ, ಅದರ ಮೇಲೆ ಹಾದು ಗಾಳಿ ಬರುತ್ತೆ. ಸೂರು ಇಳಿಜಾರಾಗಿ ಹೊರಗೆ ಚಾಚಿರೋದರಿಂದ ಹನ್ನೊಂದರ ಬಿಸಿಲು ಒಳಗೆ ಬರಲ್ಲ, ಕಲ್ಲು ತಣ್ಣಗೇ ಇತ್ತು. ಎಸಿ ಇಲ್ಲದ ಕಾಲದವರು ಬಿಸಿಲನ್ನ ಗಂಭೀರವಾಗಿ ತಗೊಂಡಿದ್ದರು. ನಾವು ಗಾಜಿನ ಗೋಡೆ ಹಾಕಿ ಬಿಸಿಲು ಒಳಗೆ ಕರೆದು, ಆಮೇಲೆ ಅದನ್ನ ಹೊರಗೆ ಹಾಕೋಕೆ ಕರೆಂಟು ಸುಡ್ತೀವಿ.

"ಇಷ್ಟ್ ಚಂದ ಬಯಲಾಟ ಆಡಬಹುದಿತ್ತು ನೋಡಿಲ್ಲೆ" ಅಂದರು ಕಾಕಾ. ಕೊಪ್ಪಳದ ಹಾಲಿನಲ್ಲಿ ಅವರು ಬಾಯೇ ಬಿಟ್ಟಿರಲಿಲ್ಲ.

ಅಷ್ಟು ಹೊತ್ತಿಗೆ ನಾನು ಪೂರ್ತಿ ಅಪ್ಪನ ಪಕ್ಷ ಸೇರಿದ್ದೆ. ಮನೆ ಮುಂದೆ ಹಂದರ, ನೆಲದ ಮೇಲೆ ಪಂಕ್ತಿ, ಮಾದಲಿ, ಎಣ್ಣೆಗಾಯಿ. ಲೇಖನದ ತಲೆಬರಹವೂ ಹೊಳೆದಿತ್ತು, ನಮ್ಮ ಊರು ನಮ್ಮ ಹಂದರ ಅಂತ ಏನೋ. ಇಲ್ಲಿಗೇ ನಿಲ್ಲಿಸಿದ್ದರೆ ನೀವು ಲೈಕ್ ಒತ್ತಿ ಮುಂದೆ ಹೋಗ್ತಿದ್ದಿರಿ.

ಸಂಜೆ ಊರಿನಿಂದ ಆಫೀಸಿನ ಗೆಳತಿಗೆ ಫೋನ್ ಮಾಡಿ ಇದನ್ನೆಲ್ಲ ಒದರಿದೆ. ಅವಳೂ ನಮ್ಮ ಜಿಲ್ಲೆಯವಳೇ, ಕುಷ್ಟಗಿ ಸೀಮೆ. ಪೂರ್ತಿ ಕೇಳಿಸಿಕೊಂಡು ಹೇಳಿದಳು: "ನಿಮ್ ಮನಿ ಊರ ನಡುವ ಐತಿ, ನಮ್ದು ಊರ ಹೊರಗ. ನಿಮ್ ಮನಿ ಮುಂದ ಹಂದರ ಹಾಕಿದ್ರ ನಮ್ಮಪ್ಪ ಬಂದು ಎಲ್ಲಿ ಕುಂದ್ರಬೇಕು? ನಮ್ ಕೇರ್ಯಾಗ ಹಂದರ ಹಾಕಿದ್ರ ನಿಮ್ಮಪ್ಪ ಬಂದು ಉಣ್ತಾರೇನು? ನನ್ ಮದುವಿ ನಾ ಆ ಎಸಿ ಹಾಲಿನ್ಯಾಗ ಮಾಡ್ಕೊಂಡೆ. ಯಾಕ್ ಗೊತ್ತೈತೇನು? ಅಲ್ಲಿ ರೊಕ್ಕ ಕೊಟ್ರ ಯಾರೂ ಏನೂ ಕೇಳಂಗಿಲ್ಲ. ಎಲ್ಲಾರೂ ಒಂದ ಹಾಲಿನ್ಯಾಗ ಉಂಡ್ರು. ನಮ್ಮಜ್ಜ ಜೀವಮಾನದಾಗ ಮೊದಲನೇ ಸಲ ಊರ ಗೌಡರ ಮಗ್ಗುಲಕ ಕುಂತು ಉಂಡ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳ ಮದುವೆಗೆ ನಾನೂ ಹೋಗಿದ್ದೆ. ವೇದಿಕೆ ಎತ್ತರ ಜಾಸ್ತಿಯಾಯ್ತು ಅಂತ ವಾಪಸ್ ಬರೋವಾಗ ಕಾರಿನಲ್ಲಿ ಗೊಣಗಿದ್ದೂ ನೆನಪಾಯ್ತು.

ಇದು ಅವಳೊಬ್ಬಳ ಮನಸ್ಸಿನ ಕಹಿ ಅಲ್ಲ. ಕುಷ್ಟಗಿ ತಾಲೂಕಿನ ಮಿಯಾಪುರ ನೆನಪಿರಬೇಕು ನಿಮಗೆ, 2021ರ ಸೆಪ್ಟೆಂಬರ್. ಮಗನ ಹುಟ್ಟುಹಬ್ಬ ಅಂತ ದಲಿತ ಕುಟುಂಬವೊಂದು ಹನುಮಪ್ಪನ ಗುಡಿಗೆ ಕೈಮುಗಿಯೋಕೆ ಬಂದಿತ್ತು, ಹೊರಗೇ ನಿಂತು. ಪುಟ್ಟ ಮಗು ಒಳಗೆ ಓಡಿಬಿಟ್ಟಿತು. ಗುಡಿ ಶುದ್ಧಿಯಾಗಬೇಕು ಅಂತ ಊರಿನ ಕೆಲವರು 25 ಸಾವಿರ ರೂಪಾಯಿ ದಂಡ ಕೇಳಿದರು. ಸುದ್ದಿ ಹೊರಬಿದ್ದ ಮೇಲೆ ಪೊಲೀಸರು ಬಂದರು, ಬಂಧನವೂ ಆಯ್ತು. ಗಂಗಾವತಿ ತಾಲೂಕಿನ ಮರಕುಂಬಿಯ 2014ರ ಪ್ರಕರಣ ಇನ್ನೂ ದೊಡ್ಡದು. ಅಲ್ಲಿ ಜಗಳದ ಬುಡದಲ್ಲಿ ಇದ್ದದ್ದು ಹೋಟೆಲಿಗೂ ಕ್ಷೌರದಂಗಡಿಗೂ ದಲಿತರಿಗೆ ಪ್ರವೇಶ ಇಲ್ಲ ಅನ್ನೋದು. ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿದಾಗ ಇಡೀ ದೇಶದ ಪತ್ರಿಕೆಗಳು ಬರೆದವು. ಇಷ್ಟು ಗೊತ್ತಿದ್ದೂ ಇಟಗಿಯ ಮಂಟಪದಲ್ಲಿ ಕೂತು, ಇಲ್ಲಿ ಮೊದಲ ಸಾಲೇ ಇಲ್ಲ ಅಂತ ನಾನು ಕವಿತೆ ಕಟ್ಟಿದ್ದೆ. ಆ ಮಂಟಪದೊಳಗೆ ಬಂದು ಕೂರೋಕೆ ಅವತ್ತು ಯಾರಿಗೆ ಬಿಡ್ತಿದ್ದರು ಅಂತ ಕೇಳ್ಕೊಂಡಿರಲಿಲ್ಲ.

ಹಾಗಂತ ಹೈವೇ ಹಾಲುಗಳ ಬಗ್ಗೆ ನಾನು ಬರೆದದ್ದನ್ನ ವಾಪಸ್ ತಗೊಳ್ಳಲ್ಲ. ಆ ವೇದಿಕೆ ಕೆಟ್ಟದ್ದೇ, ಆ ನೆಲಮಾಳಿಗೆ ಕೆಟ್ಟದ್ದೇ. ಆದರೆ ಅಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕು ಶೌಚಾಲಯ ಇವೆ, ಕೂಸಿಗೆ ಹಾಲೂಡಿಸೋಕೆ ಬಾಗಿಲು ಹಾಕಿಕೊಳ್ಳೋ ರೂಮಿದೆ. ಮನೆ ಮುಂದಿನ ಹಂದರದ ಚಂದ ಹೇಳೋ ಗಂಡಸರು ಯಾರೂ ಈ ವಿಷಯ ಎತ್ತಿದ್ದನ್ನ ನಾನು ಕೇಳಿಲ್ಲ. ಅಕ್ಕನ ಮದುವೆ ಹಂದರದಲ್ಲೇ ಆಗಿತ್ತು. ಸಾವಿರ ಜನ, ಅದರಲ್ಲಿ ಅರ್ಧ ಹೆಂಗಸರು, ಒಂದು ಶೌಚಾಲಯ. ಅವ್ವ ಬೆಳಿಗ್ಗೆಯಿಂದ ನೀರೇ ಕುಡಿದಿರಲಿಲ್ಲ.

ಆ ರಾತ್ರಿ ಶೀಟ್ ತೆರೆದು ಹನ್ನೆರಡನೆಯ ಕಾಲಂ ಹಾಕಿದೆ. 'ಒಳಗೆ ಬರೋಕೆ ಯಾರು ಹಿಂದೆಮುಂದೆ ನೋಡ್ತಾರೆ?' ರೆಸಾರ್ಟಿನ ಮುಂದೆ ಕಾಕಾ, ಆಯಿ, ಇಡೀ ಊರು ಅಂತ ಬರೆದೆ. ಹೈವೇ ಹಾಲಿನ ಮುಂದೆ ಆಯಿ. ಜೊತೆಗೆ ಬಸ್ಸಿನವರು, ಯಾಕಂದ್ರೆ ಅದು ನಿಲ್ದಾಣದಿಂದ ನಾಲ್ಕು ಕಿಲೋಮೀಟರ್. 2023ರ ಜೂನಿನಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆ ಮದುವೆಗೆ ಹೆಂಗಸರು ಗಂಡಸರ ಟ್ರ್ಯಾಕ್ಟರಿಗೆ ಕಾಯಲ್ಲ, ಆಧಾರ್ ಕಾರ್ಡ್ ಬ್ಯಾಗಿಗೆ ಹಾಕಿ ತಾವೇ ಬಸ್ ಹತ್ತಿಬಿಡ್ತಾರೆ. ಅವರನ್ನ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಹಾಲಿಗೆ ಆಟೋ ಮಾಡ್ಕೊಂಡು ಬರ್ರಿ ಅಂದ್ರೆ ಅಲ್ಲಿಗೆ ಪುಕ್ಕಟೆ ಮುಗೀತು. ಮನೆ ಮುಂದಿನ ಹಂದರದ ಮುಂದೆ ಗೆಳತಿಯ ಅಪ್ಪ ಅಂತ ಬರೆದು, ತುಂಬ ಹೊತ್ತು ನೋಡ್ತಾ ಕೂತೆ.

ಬೆಳಿಗ್ಗೆ ಅಪ್ಪನಿಗೆ ಇದನ್ನ ಹೇಳೋದು ಸುಲಭ ಇರಲಿಲ್ಲ. ಅವರು ಕೆಟ್ಟವರಲ್ಲ. ಆದರೆ, "ಹಂಗೇನಿಲ್ಲವಾ, ಅವರಿಗೂ ಊಟಕ್ಕ ಬ್ಯಾರೆ ಚೊಲೋ ವ್ಯವಸ್ಥಾ ಮಾಡಿರ್ತೀವಿ" ಅಂದರು. ಬ್ಯಾರೆ ಅನ್ನೋ ಆ ಒಂದು ಪದದ ಮೇಲೆ ನಮ್ಮ ಮನೆಯಲ್ಲಿ ಎರಡು ದಿನ ಮಾತು ನಿಂತಿತು. ಮೂರನೇ ದಿನ ಆಯಿ ಹೊರಸಿನ ಮೇಲಿಂದಲೇ, "ಊರಾಗ ಬ್ಯಾಡಾದ್ರ ಯಲಬುರ್ಗಾದಾಗ ಮಾಡ್ರಿ, ನಾ ಬರೂ ಹಂಗ ಇರ್ಲಿ" ಅಂದರು. ಅಷ್ಟಕ್ಕೆ ಮುಗೀತು. ಅಪ್ಪ ಒಪ್ಪಿದರೋ ಸೋತರೋ ನಂಗೆ ಇವತ್ತಿಗೂ ಗೊತ್ತಿಲ್ಲ.

ಕಡೆಗೆ ಸಿಕ್ಕಿದ್ದು ಯಲಬುರ್ಗಾ ಬಸ್ ನಿಲ್ದಾಣದ ಹತ್ತಿರದ ಒಂದು ಹಳೇ ಮಂಟಪ. ಎಸಿ ಇಲ್ಲ, ಎತ್ತರದ ತಗಡಿನ ಸೂರು, ಫ್ಯಾನು. ಗೋಡೆಗೆ ಹಸಿರು ಬಣ್ಣ, ಅದೂ ಸರ್ಕಾರಿ ಆಸ್ಪತ್ರೆಯ ಹಸಿರು. ಊಟದ ಜಾಗ ಪಕ್ಕದಲ್ಲೇ, ನೆಲಮಟ್ಟದಲ್ಲಿ, ಐನೂರು ಜನಕ್ಕೆ ಒಂದೇ ಪಂಕ್ತಿ. ವೇದಿಕೆ ಎರಡೇ ಮೆಟ್ಟಿಲು. ಹೆಂಗಸರ ಶೌಚಾಲಯ ಮೂರು, ಅದರಲ್ಲಿ ಒಂದರ ಚಿಲಕ ಇರಲಿಲ್ಲ, ಹಿಂದಿನ ದಿನ ನಾವೇ ಹಾಕಿಸಿದೆವು. ತಂಗಿ ಫೋಟೋ ನೋಡಿ ಅತ್ತಳು. ಅವಳಿಗೆ ಬೇಕಿದ್ದದ್ದು ಬಂಡೆ, ನದಿ, ಸಂಜೆ. ಅವಳ ಮದುವೆ ಅದು, ಅಳೋ ಹಕ್ಕು ಅವಳಿಗಿತ್ತು. ನಾನು ಗೆದ್ದೆ ಅಂತ ಬರೆಯೋಕೆ ಇವತ್ತೂ ಮುಜುಗರ.

ಅಕ್ಕಿಕಾಳಿನ ಹೊತ್ತಿಗೆ ಸರಿಯಾಗಿ ಕರೆಂಟು ಹೋಯ್ತು. ಜನರೇಟರ್ ಶುರುವಾಗೋಕೆ ಮೂರು ನಿಮಿಷ. ಆ ಮೂರು ನಿಮಿಷ ಮೈಕಿಲ್ಲ, ಫ್ಯಾನಿಲ್ಲ, ವಿಡಿಯೋದವರ ಲೈಟಿಲ್ಲ. ಅವರು ಪಕ್ಕಕ್ಕೆ ಸರಿದರು, ಜನ ಮುಂದೆ ಬಂದರು. ಆಯಿ ಕುರ್ಚಿಯಲ್ಲಿ ಕೂತಲ್ಲಿಂದಲೇ ಕಾಳು ಹಾಕಿದರು, ಸರಿಯಾಗಿ ತಂಗಿಯ ತಲೆ ಮೇಲೆಯೇ ಬಿತ್ತು. ಗೆಳತಿಯ ಅಪ್ಪ ಬಂದಿದ್ದರು. ಊಟದಲ್ಲಿ ಅವರ ಎಡಕ್ಕೆ ಕಾಕಾ ಕೂತರು, ಬಲಗಡೆಯ ಕುರ್ಚಿ ಒಂದಿಷ್ಟು ಹೊತ್ತು ಖಾಲಿ ಇತ್ತು. ಆಮೇಲೆ ಅಪ್ಪ ಬಂದು ಕೂತರು. ಇಬ್ಬರೂ ಹೆಚ್ಚು ಮಾತಾಡಲಿಲ್ಲ, ಮಳೆ ಬಗ್ಗೆ ಏನೋ ಒಂದೆರಡು ಮಾತು.

ಆಲ್ಬಮ್ ಬಂದಾಗ ಫೋಟೋದವನು ನೊಂದುಕೊಂಡೇ, "ಬ್ಯಾಕ್‌ಗ್ರೌಂಡ್ ಎಡಿಟ್ ಮಾಡೋಕೇ ಆಗಲಿಲ್ಲ ಮೇಡಂ" ಅಂದ. ಹುಡುಗ ಹುಡುಗಿ ಮಂಟಪದ ಬಾಗಿಲಲ್ಲಿ ನಿಂತಿದ್ದಾರೆ, ಹಿಂದೆ ಕುಷ್ಟಗಿ ಬೋರ್ಡಿನ ಕೆಂಪು ಬಸ್ಸು, ಅದರ ಕಿಟಕಿಯಿಂದ ಯಾರೋ ಹೆಂಗಸು ಅರ್ಧ ಹೊರಗೆ ಬಂದು ಇವರನ್ನೇ ನೋಡ್ತಿದ್ದಾಳೆ. ನಮ್ಮ ಸಂಬಂಧಿಕಳಲ್ಲ, ಯಾರಿಗೂ ಗುರುತಿಲ್ಲ. ತಂಗಿ ಮೂರು ತಿಂಗಳು ಆ ಫೋಟೋ ಯಾರಿಗೂ ತೋರಿಸಲಿಲ್ಲ. ಈಗ ಅದೇ ಅವಳ ವಾಟ್ಸಾಪ್ ಡಿಪಿ.